ಗುರಿ ಹೋದರೂ ಗಾಯ ಹೋಗದು

ಆಯುಧಪೂಜೆಯ ದಿನ ಹಿರಿಯೂರು ಸೀಮೆಯಲ್ಲಿ ಟ್ರ್ಯಾಕ್ಟರಿಗೆ ಬಾಳೆಕಂದು ಕಟ್ಟುತ್ತಾರೆ, ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಗೆ ವಿಭೂತಿ ಬಳಿಯುತ್ತಾರೆ, ಕುಡುಗೋಲು, ಮಚ್ಚು, ಪಿಕಾಸಿಗಳನ್ನು ಗೋಡೆಗೆ ಸಾಲಾಗಿ ಒರಗಿಸುತ್ತಾರೆ. ಹೆದ್ದಾರಿ ಬದಿಯ ಆದಿವಾಲದಂಥ ಊರುಗಳಲ್ಲಿ ಎಲ್ಲೋ ಒಂದೆರಡು ಮನೆಯಲ್ಲಿ ಆ ಸಾಲಿನ ಕೊನೆಗೆ ಅಟ್ಟದಿಂದ ಇಳಿದ ಏರ್‌ಗನ್ನೂ ಇರುತ್ತದೆ. ಅಪ್ಪನ ಕಾಲದ್ದು, ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವಂಥದ್ದು. ವರ್ಷಕ್ಕೊಮ್ಮೆ ಅದನ್ನು ಒರೆಸಿ, ಕೈಗೆ ಸಿಕ್ಕ ಎಣ್ಣೆಯನ್ನು (ಕೊಬ್ಬರಿ ಎಣ್ಣೆಯೋ, ಪಂಪ್‌ಸೆಟ್ಟಿನ ಎಂಜಿನ್ ಆಯಿಲೋ) ನಳಿಗೆಯೊಳಗೂ ಸ್ಪ್ರಿಂಗಿನ ಸಂದಿಗೂ ಧಾರಾಳವಾಗಿ ಬಿಟ್ಟು, ಕುಂಕುಮ ಹಚ್ಚಿ ನಿಲ್ಲಿಸುತ್ತಾರೆ. ಯಾರಾದರೂ ಕೇಳಿದರೆ ಉತ್ತರ ಒಂದೇ: "ಅದಾ? ಹಳೇದು ಬಿಡಣ್ಣ, ಇಟ್ಟ ಕಡೆ ಬೀಳಲ್ಲ ಈಗ."

ಆ ಮಾತು ನಿಜ. ಆದರೆ ಅದರ ಹಿಂದೆ ಅಡಗಿರುವ ಇನ್ನೊಂದು ಮಾತು ಸುಳ್ಳು. ಗುರಿ ಕೆಟ್ಟ ಏರ್‌ಗನ್ ಅಂದರೆ ಶಕ್ತಿ ಹೋದ ಏರ್‌ಗನ್, ಶಕ್ತಿ ಹೋದದ್ದರಿಂದ ಅಪಾಯವೂ ಇಲ್ಲ, ಹುಡುಗರ ಕೈಗೆ ಕೊಡಬಹುದು ಎಂಬ ನಂಬಿಕೆ ಅದು. ಲೆಕ್ಕ ಹಾಕಿ ನೋಡಿದರೆ ತಿರುವುಮುರುವು. ಸ್ಪ್ರಿಂಗ್ ರೈಫಲ್ ಮುದಿಯಾಗುವಾಗ ಮೊದಲು ಸಾಯುವುದು ಅದರ ಗುರಿ. ಗಾಯ ಮಾಡುವ ಶಕ್ತಿ ಸಾಯುವುದು ಕಟ್ಟಕಡೆಗೆ. ಇವೆರಡರ ನಡುವಿನ ವರ್ಷಗಳೇ ಅಪಾಯದ ವರ್ಷಗಳು. ನಮ್ಮ ಅಟ್ಟಗಳ ಮೇಲಿರುವ ಬಹುಪಾಲು ರೈಫಲ್‌ಗಳು ಆ ವರ್ಷಗಳಲ್ಲೇ ಇವೆ ಎಂಬುದು ನನ್ನ ಗುಮಾನಿ.

ಸುಸ್ಥಿತಿಯ ಸಾಧಾರಣ ಸ್ಪ್ರಿಂಗ್ ರೈಫಲ್ಲೊಂದು 4.5 ಮಿಲಿಮೀಟರಿನ, ಅರ್ಧ ಗ್ರಾಂಗಿಂತ ತುಸು ಹೆಚ್ಚು ತೂಗುವ ಸೀಸದ ಪೆಲೆಟ್ಟನ್ನು ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೊರಗೆ ದೂಡುತ್ತದೆ ಅಂದುಕೊಳ್ಳಿ. ಶಕ್ತಿ ಎಂಟು ಜೂಲ್ ಚಿಲ್ಲರೆ. 30 ಮೀಟರ್ ದೂರ ಹೋಗುವಷ್ಟರಲ್ಲಿ ಆ ಪೆಲೆಟ್ ನೆಲದ ಸೆಳೆತಕ್ಕೆ ಸುಮಾರು 16 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಗುರಿ ನೋಡುವ ಸೈಟನ್ನು ಹೊಂದಿಸಿದವರು ಇದನ್ನು ಲೆಕ್ಕಕ್ಕೆ ಹಿಡಿದೇ ಹೊಂದಿಸಿರುತ್ತಾರೆ. ಇಪ್ಪತ್ತು ವರ್ಷ ಕಳೆದು ಪಿಸ್ಟನ್ನಿನ ವಾಷರ್ ಒಣಗಿ, ಸ್ಪ್ರಿಂಗ್ ಕುಗ್ಗಿ ವೇಗ 120 ಮೀಟರಿಗೆ ಇಳಿಯಿತೆನ್ನಿ. ಅದೇ ದೂರಕ್ಕೆ ಈಗ ಇಳಿತ 35 ಸೆಂಟಿಮೀಟರಿನ ಆಸುಪಾಸು. ಎದೆಗೆ ಗುರಿಯಿಟ್ಟರೆ ಹೊಟ್ಟೆಗೆ ಬೀಳುವಷ್ಟು ವ್ಯತ್ಯಾಸ. ಶಕ್ತಿ ಅರ್ಧಕ್ಕಿಂತ ಕೆಳಗೆ, ನಾಲ್ಕು ಜೂಲಿಗೂ ಕಡಿಮೆ. "ಹೋಯ್ತು ಬಿಡು" ಎನ್ನಲು ಇಷ್ಟು ಸಾಕಲ್ಲವೇ?

ಸಾಲದು. ಅಮೆರಿಕದ ವಿಧಿವಿಜ್ಞಾನ ತಜ್ಞ ವಿನ್ಸೆಂಟ್ ಡಿ ಮೈಯೊ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಈ ಅಳತೆಯ ಸೀಸದ ಪೆಲೆಟ್ ಮನುಷ್ಯನ ಚರ್ಮವನ್ನು ತೂರಿ ಒಳಹೋಗಲು ಸೆಕೆಂಡಿಗೆ ಸುಮಾರು 100 ಮೀಟರ್ ವೇಗ ಸಾಕು. ನಮ್ಮ ಮುದಿ ರೈಫಲ್ಲಿನ 120ರ ಪೆಲೆಟ್ 20 ಮೀಟರ್ ದಾಟಿದ ಮೇಲೂ ಆ ಗೆರೆಯ ಮೇಲೇ ಇರುತ್ತದೆ, 30 ಮೀಟರಿಗೆ ಅದರ ಅಂಚಿನಲ್ಲಿರುತ್ತದೆ. ಕಣ್ಣಿಗಂತೂ ಇಷ್ಟು ವೇಗವೂ ಬೇಡ. ದೀಪಾವಳಿ ಬಂತೆಂದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆ ಪಟಾಕಿ ಗಾಯಗಳಿಗೆ ಹಾಸಿಗೆ ಸಜ್ಜು ಮಾಡಿಟ್ಟುಕೊಳ್ಳುವುದನ್ನು ಪ್ರತಿವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ಅಟ್ಟದಿಂದ ಇಳಿಯುವ ಏರ್‌ಗನ್ನಿಗೆ ಹಾಗೊಂದು ಹಬ್ಬದ ತಾರೀಕಿಲ್ಲ, ಆದ್ದರಿಂದ ಸಿದ್ಧತೆಯೂ ಇಲ್ಲ.

ಈಚೆಗೆ ಇವು ಅಟ್ಟದಿಂದ ಇಳಿಯಲು ಕಾರಣಗಳಿವೆ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ. ನೀರು ಬಂದ ಕಡೆ ಅಡಿಕೆ, ದಾಳಿಂಬೆ, ಬಾಳೆ ಬಂದವು. ತೋಟದ ಹಿಂದೆಯೇ ಕೋತಿ, ನವಿಲು, ಗಿಳಿ ಬಂದವು. ಜೋಗಿಮಟ್ಟಿ ಕಡೆಯ ಗುಡ್ಡಗಳಿಂದ ಕೆಳಗಿಳಿದು ಬರುವ ಕೋತಿಹಿಂಡು ಒಂದು ಬೆಳಗಿನಲ್ಲಿ ಎಷ್ಟು ದಾಳಿಂಬೆ ಕಚ್ಚಿ ಬಿಸಾಡಬಲ್ಲದೆಂದು ಬೆಳೆದವನಿಗೇ ಗೊತ್ತು. ಅವನ ಸಂಕಟ ಅರ್ಥವಾಗುತ್ತದೆ. ತಗಡು ಬಡಿದು, ಪಟಾಕಿ ಹಚ್ಚಿ ಸಾಕಾದವನಿಗೆ ಅಪ್ಪನ ಏರ್‌ಗನ್ ನೆನಪಾಗುತ್ತದೆ. ಹೊಡೆಯುತ್ತಾನೆ, ತಪ್ಪುತ್ತದೆ. ಅಲ್ಲಿಂದ ರಿಪೇರಿ ಶುರು. ನನ್ನ ಭಯವಿರುವುದು ಈ ರಿಪೇರಿಯ ಬಗ್ಗೆ.

ಮೊದಲ ಮದ್ದು ಎಣ್ಣೆ. ಸ್ಪ್ರಿಂಗ್ ರೈಫಲ್ಲಿನಲ್ಲಿ ಗಾಳಿಯ ತೊಟ್ಟಿಯಿಲ್ಲ. ಟ್ರಿಗರ್ ಎಳೆದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಪಿಸ್ಟನ್ ಕೊಳವೆಯೊಳಗಿನ ಗಾಳಿಯನ್ನು ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ ಒತ್ತಿ ಹಿಂಡುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಇಲ್ಲಿ ಹಿಂಡುವಿಕೆ ಎಷ್ಟು ಚುರುಕೆಂದರೆ ಬಿಸಿ ಹೊರಹೋಗಲು ಪುರುಸೊತ್ತೇ ಇಲ್ಲ, ಗಾಳಿ ನೂರಾರು ಡಿಗ್ರಿಗೆ ಏರುತ್ತದೆ. ಅಲ್ಲಿ ಒಂದು ಹನಿ ಎಣ್ಣೆ ಇದ್ದರೆ ಅದು ಹೊತ್ತಿಕೊಳ್ಳುತ್ತದೆ. ತೋಟದ ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲದೆ ಕೆಲಸ ನಡೆಯುವುದೂ ಇದೇ ಕಾರಣಕ್ಕೆ. ಬಂದೂಕಿನ ಮಂದಿ ಇದನ್ನು ಡೀಸೆಲಿಂಗ್ ಎಂದೇ ಕರೆಯುತ್ತಾರೆ.

ಏರ್‌ಗನ್ನುಗಳನ್ನು ಅಭ್ಯಾಸ ಮಾಡಿದ ಇಂಗ್ಲೆಂಡಿನ ಕಾರ್ಡ್ಯೂ ತಂದೆಮಗ ಈ ವಿಷಯದಲ್ಲಿ ಒಂದು ಚೆಂದದ ಪ್ರಯೋಗ ಮಾಡಿದ್ದರು. ರೈಫಲ್ಲಿನೊಳಗೆ ಮಾಮೂಲಿ ಗಾಳಿಯ ಬದಲು ಉರಿಯಲು ಆಸ್ಪದವೇ ಕೊಡದ ನೈಟ್ರೋಜನ್ ತುಂಬಿ ಹೊಡೆದಾಗ ಪೆಲೆಟ್ಟಿನ ವೇಗ ಸುಮಾರು ಮೂರನೇ ಒಂದು ಭಾಗ ಇಳಿದುಹೋಯಿತು. ಅಂದರೆ ಆರೋಗ್ಯವಂತ ರೈಫಲ್ಲಿನಲ್ಲೂ ಅಷ್ಟಿಷ್ಟು ಎಣ್ಣೆಯ ಪಸೆ ಪ್ರತಿ ಹೊಡೆತಕ್ಕೂ ಉರಿದು ಕೈಜೋಡಿಸುತ್ತಿರುತ್ತದೆ. ಪಸೆಯಷ್ಟೇ ಇದ್ದರೆ ಉರಿಯೂ ಹದವಾಗಿ, ಪ್ರತಿ ಸಲ ಒಂದೇ ಸಮ. ಆಯುಧಪೂಜೆಯ ಎಣ್ಣೆಯಾದರೆ ಹಾಗಲ್ಲ. ಮೊದಲ ಹೊಡೆತಕ್ಕೆ ಢಂ ಎಂದು ಸ್ಫೋಟ, ನಳಿಗೆಯಿಂದ ನೀಲಿ ಹೊಗೆ, ಪೆಲೆಟ್ ಎಂದೂ ಇಲ್ಲದ ವೇಗದಲ್ಲಿ ಗುರಿಯ ಮೇಲಕ್ಕೆ ಹಾರುತ್ತದೆ. ಎರಡನೆಯದು ಅರೆಬೆಂದದ್ದು, ಕೆಳಗೆ. ಮೂರನೆಯದು ಇನ್ನೆಲ್ಲೋ. ರೈಫಲ್ ಕೆಟ್ಟಿದೆ ಎಂದು ಹಿಡಿದವನು ಇನ್ನೆರಡು ಹನಿ ಬಿಡುತ್ತಾನೆ.

ಕೆಲವರು ಬೇಕೆಂದೇ ಬಿಡುತ್ತಾರೆ. ಪೆಲೆಟ್ಟಿನ ಹಿಂದಿನ ಟೊಳ್ಳಿಗೆ ಪೆಟ್ರೋಲೋ ಸೀಮೆಎಣ್ಣೆಯೋ ತಾಗಿಸಿದರೆ "ಪವರ್" ಬರುತ್ತದೆಂಬುದು ಹುಡುಗರ ಬಾಯಲ್ಲಿರುವ ವಿದ್ಯೆ. ಪವರ್ ಬರುವುದು ಸುಳ್ಳಲ್ಲ. ಆದರೆ ಆ ಸ್ಫೋಟ ಪಿಸ್ಟನ್ನನ್ನು ವಾಪಸ್ ಹಿಂದಕ್ಕೆ ಒದೆಯುತ್ತದೆ, ವಾಷರ್ ಸುಟ್ಟು ಹರಿಯುತ್ತದೆ, ಹಳೆಯ ಸ್ಪ್ರಿಂಗ್ ತುಂಡಾಗುತ್ತದೆ. ತುಂಡಾದ ಸ್ಪ್ರಿಂಗ್ ಕೂಡ ಸ್ವಲ್ಪ ದಿನ ಕೆಲಸ ಮಾಡುತ್ತದೆ ಎಂಬುದೇ ಮೋಸ. ಎಳೆಯುವಾಗ ಗರಗರ ಸದ್ದು, ಹೊಡೆದ ಮೇಲೆ ರೊಂಯ್ಯೆಂಬ ಅನುರಣನ, ಒಂದೊಂದು ಹೊಡೆತಕ್ಕೆ ಒಂದೊಂದು ವೇಗ. ಇನ್ನೊಂದು ತೊಡಕು ಕಾನೂನಿನದು. 2016ರ ಆಯುಧ ನಿಯಮಗಳಡಿ ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್‌ಗನ್ನಿಗೆ ಮಿತಿ 20 ಜೂಲ್ ಶಕ್ತಿ, 4.5 ಮಿಲಿಮೀಟರ್ ವ್ಯಾಸ. ಎಣ್ಣೆ ಬಿಟ್ಟು, ದಪ್ಪ ಸ್ಪ್ರಿಂಗ್ ಸೇರಿಸಿ ಶಕ್ತಿ ಹಿಗ್ಗಿಸುವವನು ಆ ಗೆರೆಯ ಕಡೆಗೇ ನಡೆಯುತ್ತಿರುತ್ತಾನೆ, ತನಗೇ ತಿಳಿಯದೆ.

ಎರಡನೆಯ ಮದ್ದು ದುರ್ಬೀನು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಟೆಲಿಸ್ಕೋಪ್ ತರಿಸಿ ರೈಫಲ್ಲಿನ ಬೆನ್ನಿಗೆ ಬಿಗಿಯುತ್ತಾರೆ. ಅಲ್ಲಿಯವರೆಗೆ ಹೇಗೋ ಬೀಳುತ್ತಿದ್ದ ಪೆಲೆಟ್‌ಗಳು ಈಗ ಪೂರಾ ಚೆಲ್ಲಾಪಿಲ್ಲಿ. ಬೈಗುಳ ದುರ್ಬೀನಿಗೆ. ತಪ್ಪು ಅದರದ್ದಿರಬಹುದು, ಇಲ್ಲದಿರಲೂಬಹುದು. ಇಲ್ಲೊಂದು ಸೂಕ್ಷ್ಮವಿದೆ. ಮಡಚುವ ನಳಿಗೆಯ ಅನೇಕ ಹಳೆಯ ಮಾದರಿಗಳಲ್ಲಿ ಮುಂದಿನ ಸೈಟು, ಹಿಂದಿನ ಸೈಟು ಎರಡೂ ನಳಿಗೆಯ ಮೇಲೆಯೇ ಇರುತ್ತವೆ. ನಳಿಗೆ ಕೀಲಿನಲ್ಲಿ ಸಡಿಲವಾಗಿ ಅಲುಗಿದರೂ ಸೈಟುಗಳು ಅದರ ಜೊತೆಗೇ ಅಲುಗುತ್ತವೆ. ನಾವು ನೋಡುವ ದಿಕ್ಕು, ಪೆಲೆಟ್ ಹೋಗುವ ದಿಕ್ಕು ಒಂದೇ ಆಗಿರುತ್ತದೆ. ಕೀಲಿನ ಸಡಿಲ ಮುಚ್ಚಿಹೋಗುತ್ತದೆ. ದುರ್ಬೀನು ಕೂರುವುದು ನಳಿಗೆಯ ಮೇಲಲ್ಲ, ಹಿಂದಿನ ಕೊಳವೆಯ ಮೇಲೆ. ಕೀಲಿನ ಹತ್ತಿರ 5 ಸೆಂಟಿಮೀಟರ್ ಅಂತರದಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಒಂದು ಹಾಳೆಯ ದಪ್ಪದಷ್ಟು ಅಲುಗಾಟವಿದ್ದರೂ 30 ಮೀಟರಿಗೆ ಅದು 6 ಸೆಂಟಿಮೀಟರ್ ಆಗುತ್ತದೆ. ವರ್ಷಗಳಿಂದ ಇದ್ದ ರೋಗವನ್ನು ದುರ್ಬೀನು ಹೊರಗೆ ಹಾಕಿತು, ಅಷ್ಟೇ. ಇದರ ಪರೀಕ್ಷೆಗೆ ಗುಂಡು ಹಾರಿಸುವುದೇ ಬೇಡ. ನಳಿಗೆ ಮುಚ್ಚಿ, ಒಂದು ಕೈಯಲ್ಲಿ ಮರದ ಹಿಡಿಯನ್ನೂ ಇನ್ನೊಂದರಲ್ಲಿ ನಳಿಗೆಯ ತುದಿಯನ್ನೂ ಹಿಡಿದು ಎಡಬಲಕ್ಕೆ ಅಲುಗಿಸಿ. ಬಾಗಿಲ ಚಿಲಕದಂತೆ ಕಟಕಟ ಎಂದರೆ ಕೀಲಿನ ಬೋಲ್ಟ್ ಬಿಗಿಯಬೇಕು, ಇಲ್ಲವೇ ಪಕ್ಕದ ವಾಷರ್ ಸವೆದಿದೆ.

ಇನ್ನು ದುರ್ಬೀನೇ ಒಡೆಯುವ ಸಂಗತಿ. ದೊಡ್ಡ ಬಂದೂಕಿನ ಒದೆತ ಒಂದೇ ಕಡೆಗೆ, ಹಿಂದಕ್ಕೆ. ಸ್ಪ್ರಿಂಗ್ ರೈಫಲ್ ಪಿಸ್ಟನ್ ಹೊರಟಾಗ ಹಿಂದಕ್ಕೂ, ಪಿಸ್ಟನ್ ಕೊನೆಗೆ ಬಡಿದಾಗ ಮುಂದಕ್ಕೂ ಜಗ್ಗುತ್ತದೆ. ಈ ಎರಡು ಕಡೆಯ ಜಗ್ಗಾಟಕ್ಕೆಂದು ತಯಾರಾಗದ ದುರ್ಬೀನಿನ ಒಳಗಿನ ಗಾಜುಗಳು ಕಳಚಿಕೊಳ್ಳುತ್ತವೆ, ಹಿಡಿಕೆ ಹಿಂದಕ್ಕೆ ಜಾರುತ್ತದೆ, ಮರದ ಹಿಡಿಯ ಸ್ಕ್ರೂಗಳು ಒಂದೊಂದೇ ಸಡಿಲವಾಗುತ್ತವೆ. ಗುರಿ ಕೆಟ್ಟ ರೈಫಲ್‌ಗಳಲ್ಲಿ ಎಷ್ಟೋ ಬರೀ ಈ ಸ್ಕ್ರೂಗಳಿಂದ ಕೆಟ್ಟಿರುತ್ತವೆ. ಐದು ನಿಮಿಷದ ಕೆಲಸ. ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತೇವೆ.

ಅದೇ ಜಗ್ಗಾಟದಿಂದಲೇ ಹಿಡಿತದ ಪ್ರಶ್ನೆಯೂ ಹುಟ್ಟುತ್ತದೆ. ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ರೈಫಲ್ ಕದಲಲು ಶುರುವಾಗಿರುತ್ತದೆ. ತೋಟದ ಕಲ್ಲುಕಂಬಕ್ಕೋ ಟ್ರ್ಯಾಕ್ಟರ್ ಬಾನೆಟ್ಟಿಗೋ ನಳಿಗೆ ಊರಿ ಹೊಡೆದರೆ ಅದು ಆ ಗಟ್ಟಿ ಆಸರೆಯ ಮೇಲೆ ಪುಟಿದು ಬೇರೆ ಕಡೆ ಎಸೆಯುತ್ತದೆ. ಮುಷ್ಟಿ ಬಿಗಿದು ಹಿಡಿದರೆ ಇನ್ನೊಂದು ಕಡೆ. ಅಂಗೈ ಬಿಚ್ಚಿ, ಅದರ ಮೇಲೆ ರೈಫಲ್ಲನ್ನು ಎಳೆಗೂಸಿನಂತೆ ಹಗುರಾಗಿ ಮಲಗಿಸಿ, ಅದು ಹೇಗೆ ಕದಲುತ್ತದೋ ಹಾಗೆ ಬಿಡುವುದೇ ಬಲ್ಲವರ ದಾರಿ. ನಮ್ಮ ಸೀಮೆಯಲ್ಲಿ ಗುರಿ ಕದಿಯುವ ಇನ್ನೊಬ್ಬ ಕಳ್ಳನೆಂದರೆ ಗಾಳಿ. ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಸೆಕೆಂಡಿಗೆ 5 ಮೀಟರಿನ ಅಡ್ಡಗಾಳಿ, ಅಂದರೆ ಎಲೆ ಅಲುಗಿ ಧೂಳೇಳುವಷ್ಟು, 30 ಮೀಟರಿನಲ್ಲಿ ಈ ಹಗುರ ಪೆಲೆಟ್ಟನ್ನು ಆರೇಳು ಸೆಂಟಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಆಷಾಢದಲ್ಲಿ ನಮ್ಮಲ್ಲಿ ಬೀಸುವುದು ಅದಕ್ಕಿಂತ ಜೋರು. ಏನೂ ಕೆಡದ ರೈಫಲ್ಲನ್ನು ಆಷಾಢದಲ್ಲಿ ಪರೀಕ್ಷಿಸಿ ಬಿಚ್ಚಿ ಕೆಡಿಸಿದವರು ಇರಲಿಕ್ಕೇ ಬೇಕು.

ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿ ತೊಳೆದು, ಒರೆಸಿ, ಪೂಜಿಸಿ, ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಪೂಜೆಯ ಬೆನ್ನಿಗೇ ಪರೀಕ್ಷೆಯೂ ನಡೆದುಹೋಗುತ್ತದೆ, ಕೋವಿಯ ಸ್ಥಿತಿ ಹತ್ತು ಜನರ ಕಣ್ಣಿಗೆ ಬೀಳುತ್ತದೆ. ನಮ್ಮ ಬಯಲುಸೀಮೆಯಲ್ಲಿ ಪೂಜೆ ಉಂಟು, ಪರೀಕ್ಷೆ ಇಲ್ಲ.

ಪೆಲೆಟ್ಟಿನ ವಿಚಾರಕ್ಕೆ ಬಂದರೆ ಅಪಾಯ ಇನ್ನೂ ಹತ್ತಿರ ಬರುತ್ತದೆ, ಬಾಯಿಯವರೆಗೂ. ಜಾತ್ರೆಗಳ ಬಲೂನ್ ಅಂಗಡಿ ನೆನಪು ಮಾಡಿಕೊಳ್ಳಿ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಿರಲಿ, ನಾಯಕನಹಟ್ಟಿ ತಿಪ್ಪೇಸ್ವಾಮಿಯ ಜಾತ್ರೆಯಿರಲಿ, ಬಯಲುಸೀಮೆಯ ಯಾವುದೇ ದೊಡ್ಡ ಜಾತ್ರೆಯ ಚಿತ್ರದಲ್ಲಿ ಹಲಗೆಗೆ ಬಲೂನು ಕಟ್ಟಿದ ಅಂಗಡಿಗೊಂದು ಜಾಗ ಇದ್ದೇ ಇದೆ. ಅಲ್ಲಿನ ರೈಫಲ್‌ಗಳ ಸೈಟು ಸರಿಯಿರುವುದಿಲ್ಲವೆಂಬುದು ಹಳೆಯ ತಮಾಷೆ. ತಮಾಷೆಯಲ್ಲದ್ದು, ಕೈ ಬಿಡುವಿಲ್ಲದೆ ಪೆಲೆಟ್ ತುಂಬುವವರು ನಾಲ್ಕಾರನ್ನು ಬಾಯಲ್ಲೇ ಇಟ್ಟುಕೊಂಡು ಒಂದೊಂದಾಗಿ ತೆಗೆಯುವ ಅಭ್ಯಾಸ. ಅದು ಸೀಸ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದರ ಪೆಟ್ಟು ಎಲ್ಲಕ್ಕಿಂತ ಹೆಚ್ಚು. ಬಲೂನ್ ಅಂಗಡಿಯಲ್ಲಿ ಕೆಲಸಕ್ಕಿರುವವರು ಎಷ್ಟೋ ಸಲ ಹುಡುಗರೇ.

ಮನೆಯ ಡಬ್ಬಿಯಲ್ಲಿರುವ ಹಳೆಯ ಪೆಲೆಟ್‌ಗಳನ್ನು ತೆರೆದು ನೋಡಿ. ಬಿಳಿ ಬೂದಿ ಹಿಡಿದಿದ್ದರೆ ಅದು ಧೂಳಲ್ಲ, ಸೀಸವೇ ತೇವಕ್ಕೂ ಗಾಳಿಗೂ ಕಿಲುಬು ಹಿಡಿದು ಕಟ್ಟಿದ ಪುಡಿ. ಲೋಹದ ಸೀಸಕ್ಕಿಂತ ಈ ಪುಡಿ ಹೊಟ್ಟೆಯ ಆಮ್ಲದಲ್ಲಿ ಬೇಗ ಕರಗುತ್ತದೆ. ಅದನ್ನು ಮುಟ್ಟಿದ ಕೈಯಲ್ಲೇ ಮಂಡಕ್ಕಿ ತಿನ್ನುವುದು ಎಷ್ಟು ಸಹಜವೆಂದು ನೀವೇ ಯೋಚಿಸಿ. ಗುರಿಯ ದೃಷ್ಟಿಯಿಂದಲೂ ಆ ಡಬ್ಬಿ ಎಸೆಯಬೇಕಾದ್ದೇ. ಪೆಲೆಟ್ಟಿನ ಹಿಂಭಾಗ ತೆಳ್ಳಗಿನ ಲಂಗದಂತೆ ಅರಳಿರುತ್ತದೆ. ಗಾಳಿ ಒತ್ತಿದಾಗ ಅದು ನಳಿಗೆಗೆ ಅಂಟಿಕೊಂಡು ಸೋರಿಕೆ ತಡೆಯಬೇಕು. ಬೂದಿ ಹಿಡಿದ, ಜೇಬಿನಲ್ಲಿ ನಜ್ಜಿದ ಪೆಲೆಟ್ ಆ ಕೆಲಸ ಮಾಡದು. ಹೊಸ ಪೆಲೆಟ್ ಹಾಕಿಯೂ ಗುರಿ ಚೆದುರಿದರೆ ನಳಿಗೆಯ ತುದಿ ನೋಡಬೇಕು. ಮೂಲೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿ ಸಿಮೆಂಟ್ ನೆಲಕ್ಕೆ ಕುಟ್ಟಿಸಿಕೊಂಡ ನಳಿಗೆಯ ಬಾಯಂಚಿನಲ್ಲಿ ಒಂದು ಸಣ್ಣ ಗಾಯವಿದ್ದರೂ, ಹೊರಡುವ ಪೆಲೆಟ್ಟಿನ ಹಿಂದೆ ಗಾಳಿ ಒಂದೇ ಪಕ್ಕದಿಂದ ನುಗ್ಗಿ ಅದನ್ನು ಓಲಾಡಿಸುತ್ತದೆ.

ಪೆಲೆಟ್ ಮುಗಿದಾಗ ಸೈಕಲ್ ಬಾಲ್ಸ್ ಹಾಕುವ ಪದ್ಧತಿಯೂ ಇದೆ. ಪೆಡಲಿನಲ್ಲಿ ಬರುವ ಸಣ್ಣ ಗುಂಡು ಹತ್ತಿರಹತ್ತಿರ 4 ಮಿಲಿಮೀಟರಿನದು. 4.5ರ ನಳಿಗೆಯಲ್ಲಿ ಅದು ಗಡಿಗೆಯೊಳಗಿನ ಗೋಲಿಯಂತೆ ಉರುಳುತ್ತದೆ. ಗಾಳಿ ಸುತ್ತಲಿಂದ ಸೋರುವುದರಿಂದ ಪಿಸ್ಟನ್ನಿಗೆ ಎದುರೊತ್ತಡವೇ ಸಿಗದೆ ಅದು ಬರಿಗಬ್ಬಿಣಕ್ಕೆ ಬಡಿಯುತ್ತದೆ. ಸ್ಪ್ರಿಂಗಿಗೂ ವಾಷರಿಗೂ ಇದು ಪೆಲೆಟ್ ಇಲ್ಲದೆ ಹೊಡೆದಷ್ಟೇ ಕೆಟ್ಟದ್ದು. ಉಕ್ಕು ನಳಿಗೆಯೊಳಗಿನ ಗೀರುಗಳನ್ನು ಸವೆಸುತ್ತದೆ. ಎಲ್ಲಕ್ಕಿಂತ ಮುಖ್ಯ, ಸೀಸ ಗಟ್ಟಿ ಜಾಗಕ್ಕೆ ಬಡಿದರೆ ಬಹುಮಟ್ಟಿಗೆ ಚಪ್ಪಟೆಯಾಗುತ್ತದೆ, ಉಕ್ಕು ಜೋರಾಗಿ ಪುಟಿದು ವಾಪಸ್ ಬರುತ್ತದೆ. ಕಲ್ಲುಕಂಬದ ಬೇಲಿಗಳ ನಡುವೆ ಅದು ಯಾರ ಕಡೆ ಪುಟಿಯುತ್ತದೆಂದು ಹೇಳಲಾಗದು. ಅಂಥ ಗುಂಡು ಕಣ್ಣಿನೊಳಗೆ ಉಳಿದರೆ ಎಂಆರ್‌ಐ ಸ್ಕ್ಯಾನ್ ಕೂಡ ಮಾಡುವಂತಿಲ್ಲ, ಯಂತ್ರದ ಅಯಸ್ಕಾಂತ ಉಕ್ಕನ್ನು ಎಳೆಯುತ್ತದೆ.

ತಪ್ಪಿದ ಪೆಲೆಟ್ ಎಲ್ಲಿ ಹೋಗುತ್ತದೆ? ಕೊಂಬೆಯ ಮೇಲಿನ ಕೋತಿಗೆ ಮೇಲ್ಮುಖವಾಗಿ ಹೊಡೆದದ್ದು ಕೋತಿಯನ್ನು ದಾಟಿ ನೂರಿನ್ನೂರು ಮೀಟರ್ ಆಚೆ ಪಕ್ಕದ ತೋಟದಲ್ಲಿ ಇಳಿಯಬಲ್ಲದು. ಬೀಳುವಾಗ ವೇಗ ಬಹಳ ಇಳಿದಿರುತ್ತದೆ, ನಿಜ. ಅಲ್ಲಿ ದಾಳಿಂಬೆ ಕೀಳುತ್ತ ತಲೆಯೆತ್ತಿದವರ ಕಣ್ಣಿಗೆ ಆ ಸಮಾಧಾನ ಸಾಲದು. ಅರೆಗುರಿಯಲ್ಲಿ ತಾಗಿದರೆ ಪ್ರಾಣಿ ಅಲ್ಲೇ ಸಾಯುವುದೂ ಇಲ್ಲ. ಪೆಲೆಟ್ ಹೊತ್ತುಕೊಂಡು ಹೋಗಿ ಕೀವು ತುಂಬಿ ವಾರಗಟ್ಟಲೆ ಒದ್ದಾಡುತ್ತದೆ. 1972ರ ವನ್ಯಜೀವಿ ಕಾಯ್ದೆ ಕೊಲ್ಲುವುದನ್ನಷ್ಟೇ ಅಲ್ಲ, ಗಾಯಗೊಳಿಸುವುದನ್ನೂ ಬೇಟೆ ಎಂದೇ ಕರೆಯುತ್ತದೆ. ನವಿಲು ಅದರ ಮೊದಲ ಅನುಸೂಚಿಯಲ್ಲಿದೆ. ಶಿಕ್ಷೆ 3 ವರ್ಷಕ್ಕೆ ಕಡಿಮೆಯಿಲ್ಲದೆ 7 ವರ್ಷದವರೆಗೆ ಜೈಲು. "ಹೆದರಿಸೋಕೆ ಹೊಡೆದೆ, ಗುರಿಯಿಡಲಿಲ್ಲ" ಎಂಬ ಮಾತು ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೋ ವಕೀಲರನ್ನೇ ಕೇಳಬೇಕು. ದೂರದ ಅರುಣಾಚಲದಲ್ಲಿ 2021ರ ಮಾರ್ಚಿನಲ್ಲಿ ಈಸ್ಟ್ ಕಾಮೆಂಗ್ ಜಿಲ್ಲೆಯಿಂದ ಶುರುವಾದ ಏರ್‌ಗನ್ ಒಪ್ಪಿಸುವ ಅಭಿಯಾನದಲ್ಲಿ ಹಳ್ಳಿಗರು ತಾವಾಗಿ ಬಂದು ಸಾವಿರಕ್ಕೂ ಹೆಚ್ಚು ರೈಫಲ್ ಒಪ್ಪಿಸಿದರು. ಹಕ್ಕಿಗಳಿಲ್ಲದೆ ಕಾಡು ಮೌನವಾದ ಮೇಲೆ ಬಂದ ಬುದ್ಧಿ ಅದು. ನಮ್ಮಲ್ಲಿ ಅಂಥ ಅಭಿಯಾನ ಬೇಕೋ ಬೇಡವೋ, ಅದು ಬೇರೆ ಚರ್ಚೆ. ಅಟ್ಟದ ಮೇಲಿನದರ ಸ್ಥಿತಿ ಏನೆಂದು ತಿಳಿದಿರಬೇಕಾದ್ದು ಮಾತ್ರ ಚರ್ಚೆಯಿಲ್ಲದ ವಿಷಯ.

ತಿಳಿಯುವ ಬಗೆ ಸುಲಭ. ಗಾಳಿಯಿಲ್ಲದ ಬೆಳಗಿನ ಹೊತ್ತು, ಹಿಂದೆ ಮಣ್ಣಿನ ದಿಬ್ಬವೋ ಮರಳು ತುಂಬಿದ ಚೀಲವೋ ಇರುವ ಕಡೆ, 10 ಮೀಟರಿಗೆ ಒಂದು ಬಿಳಿ ಕಾಗದ ಅಂಟಿಸಿ. ಕಣ್ಣಿಗೆ ಕನ್ನಡಕವಿರಲಿ, ಮಕ್ಕಳು ಹಿಂದೆ ನಿಲ್ಲಲಿ. ಹೊಸ ಪೆಲೆಟ್ ಐದು. ಐದೂ ಒಂದು ರೂಪಾಯಿ ನಾಣ್ಯದಗಲದಲ್ಲಿ ಬಿದ್ದು ಜಾಗ ಮಾತ್ರ ಬೇರೆಯಾಗಿದ್ದರೆ ದೋಷ ಸೈಟಿನದು, ತಿರುಗಿಸಿ ಸರಿಮಾಡಿ. ಮೇಲೆ ಕೆಳಗೆ ಉದ್ದಕ್ಕೆ ಚೆದುರಿದ್ದರೆ ವೇಗ ಏರಿಳಿಯುತ್ತಿದೆ, ವಾಷರ್, ಸ್ಪ್ರಿಂಗ್, ಎಣ್ಣೆ ಇವುಗಳ ಮೇಲೆ ಅನುಮಾನ ಪಡಿ. ನಳಿಗೆ ಕೂರುವ ಬಾಯಿಯ ರಿಂಗಿನ ಹತ್ತಿರ ಒಂದೆಳೆ ಹತ್ತಿಯಿಟ್ಟು ಹೊಡೆದಾಗ ಹತ್ತಿ ಹಾರಿದರೆ ಗಾಳಿ ಅಲ್ಲೇ ಸೋರುತ್ತಿದೆ. ಅಡ್ಡಡ್ಡ ಚೆದುರಿದ್ದರೆ ಕೀಲು, ಸ್ಕ್ರೂ, ಹಿಡಿತ. ಹೊಗೆ ಬಂದರೆ ನಿಲ್ಲಿಸಿ, ಎಣ್ಣೆ ಒರೆಸಿ ತೆಗೆಯುವವರೆಗೆ ಹೊಡೆಯಬೇಡಿ. ಸ್ಪ್ರಿಂಗ್ ಬದಲಿಸುವುದು ಮಾತ್ರ ಮನೆಯಲ್ಲಿ ಮಾಡುವ ಕೆಲಸವಲ್ಲ. ಒಳಗೆ ಅದು ಅದುಮಿಕೊಂಡೇ ಕೂತಿರುತ್ತದೆ, ಅದನ್ನು ಒತ್ತಿ ಹಿಡಿಯುವ ಶಿಕಂಜೆಯಿಲ್ಲದೆ ಹಿಂದಿನ ಮುಚ್ಚಳ ಬಿಚ್ಚಿದರೆ ಎದುರಿಗಿದ್ದವನ ಮುಖಕ್ಕೇ ಹಾರುತ್ತದೆ.

ಇಷ್ಟೆಲ್ಲಕ್ಕೂ ಮೊದಲು ನೋಡಬೇಕಾದ್ದು ಗುರಿಗೆ ಸಂಬಂಧವೇ ಇಲ್ಲದ ಒಂದು ಭಾಗ, ಎಳೆದ ಸ್ಪ್ರಿಂಗನ್ನು ತಡೆದು ನಿಲ್ಲಿಸುವ ಟ್ರಿಗರಿನ ಕೊಕ್ಕೆ. ಮುದಿ ರೈಫಲ್ಲಿನಲ್ಲಿ ಅದೂ ಸವೆದಿರುತ್ತದೆ. ನಳಿಗೆ ಮಡಚಿ, ತೆರೆದ ಬಾಯಿಗೆ ಹೆಬ್ಬೆರಳಿನಿಂದ ಪೆಲೆಟ್ ಒತ್ತುತ್ತಿರುವಾಗ ಕೊಕ್ಕೆ ಜಾರಿತೆಂದರೆ ನಳಿಗೆ ಬೋನಿನಂತೆ ಮುಚ್ಚಿಕೊಳ್ಳುತ್ತದೆ, ಬೆರಳು ನಡುವೆ ಇರುತ್ತದೆ. ಪೆಲೆಟ್ ತುಂಬುವಷ್ಟು ಹೊತ್ತೂ ಇನ್ನೊಂದು ಕೈ ನಳಿಗೆಯನ್ನು ಬಿಡದೆ ಬಿಗಿಯಾಗಿ ಹಿಡಿದಿರಲಿ, ಟ್ರಿಗರಿನ ಹತ್ತಿರ ಯಾವ ಬೆರಳೂ ಸುಳಿಯದಿರಲಿ. ಎಳೆದು ನಿಲ್ಲಿಸಿದ ಮೇಲೆ ಹಿಡಿಯ ಹಿಂಬದಿಗೆ ಅಂಗೈಯಿಂದ ತಟ್ಟಿದಾಗ ತಾನಾಗಿ ಹಾರುವ ರೈಫಲ್ಲನ್ನು ಈ ವರ್ಷದ ಆಯುಧಪೂಜೆಯ ಸಾಲಿನಲ್ಲೂ ಇಡಬೇಡಿ. ಅಂಗಳದಲ್ಲಿ ಓಡಾಡುವ ಮಕ್ಕಳು ಅದನ್ನು ಪೂಜೆಗಿಟ್ಟದ್ದೆಂದು ನೋಡುವುದಿಲ್ಲ.